ಓಸ್ಕಿಯಲ್ಲಿ ಪಾಸ್ ಮಾರ್ಕ್ ಎಲ್ಲಿಂದ ಬರುತ್ತದೆ? ಬಾರ್ಡರ್‌ಲೈನ್ ರಿಗ್ರೆಷನ್ ಟಿಪ್ಪಣಿ

ಓಸ್ಕಿ (OSCE) ಅಂದರೆ ವೈದ್ಯಕೀಯ ವಿದ್ಯಾರ್ಥಿಗಳ ಕೌಶಲ ಪರೀಕ್ಷೆ: ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು, ಪರೀಕ್ಷಕರು ನೋಡಿ ಅಂಕ ಕೊಡುತ್ತಾರೆ. ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ಸ್ಕಾಟ್ಲೆಂಡಿನ ಡಂಡಿಯಿಂದ 1975ರಲ್ಲಿ ಇದರ ಬಗ್ಗೆ ಬರೆದರು. ವೈದ್ಯಕೀಯ ಶಿಕ್ಷಣದ ಮಿಲ್ಲರ್ 1990ರಲ್ಲಿ ಕೊಟ್ಟ, ಕಲಿಕೆಯ ಮಟ್ಟಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದ ಪಿರಮಿಡ್ಡಿನಲ್ಲಿ ಇದು ಮೂರನೇ ಮೆಟ್ಟಿಲು, ಅಂದರೆ 'ಮಾಡಿ ತೋರಿಸುವುದು'. ನಮ್ಮ ಎಂಬಿಬಿಎಸ್‌ಗೆ 2019ರಲ್ಲಿ ಬಂದ ಸಿಬಿಎಂಇ (ಸಾಮರ್ಥ್ಯ ಆಧಾರಿತ) ಪಠ್ಯಕ್ರಮದಲ್ಲಿ ಕೌಶಲದ ಮುಂದೆ ಬರೆಯುವ 'ಎಸ್‌ಎಚ್' (ಷೋಸ್ ಹೌ) ಕೂಡ ಇದೇ. ಇಷ್ಟು ಸಾಕು, ನಾನು ಮೂರು ದಿನ ಸಿಕ್ಕಿಹಾಕಿಕೊಂಡ ಜಾಗಕ್ಕೆ ಬರೋಣ.

ಪಾಸ್ ಮಾರ್ಕ್ ಸುಮ್ನೆ 50% ಅಂತ ಇಡಬಾರದು, ಸ್ಟೇಷನ್ ಕಷ್ಟವೋ ಸುಲಭವೋ ನೋಡಿ ಇಡಬೇಕು ಎನ್ನುತ್ತಾರೆ. ಅದಕ್ಕೆ 'ಗಡಿಯಲ್ಲಿರುವ' ವಿದ್ಯಾರ್ಥಿಗಳ ಅಂಕ ನೋಡಬೇಕಂತೆ. ನನ್ನ ತಲೆ ಇಲ್ಲೇ ನಿಂತಿತು. ಪಾಸ್ ಮಾರ್ಕೇ ಗೊತ್ತಿಲ್ಲದೆ ಯಾರು ಗಡಿಯಲ್ಲಿದ್ದಾರೆ ಅಂತ ಹೇಗೆ ಹೇಳುವುದು? ಸುತ್ತಿ ಸುತ್ತಿ ಅದೇ ಪ್ರಶ್ನೆಗೆ ಬರುತ್ತಿದ್ದೆ.

ಉತ್ತರ ಇದು: ಗಡಿ ಯಾವುದೆಂದು ಅಂಕ ಹೇಳುವುದಿಲ್ಲ, ಪರೀಕ್ಷಕರ ಕಣ್ಣು ಹೇಳುತ್ತದೆ. ಪ್ರತಿ ವಿದ್ಯಾರ್ಥಿಗೂ ಅವರು ಎರಡು ಬೇರೆ ಬೇರೆ ತೀರ್ಪು ಕೊಡುತ್ತಾರೆ. ಒಂದು ಚೆಕ್‌ಲಿಸ್ಟ್ ಅಂಕ, ಅಂದರೆ ಪಟ್ಟಿಯಲ್ಲಿರುವ ಹಂತಗಳಲ್ಲಿ ಸರಿಯಾಗಿ ಮಾಡಿದ್ದಕ್ಕೆ ಟಿಕ್ ಹಾಕಿ ಬಂದ ಅಂಕ. ಇನ್ನೊಂದು ಗ್ಲೋಬಲ್ ರೇಟಿಂಗ್, ಅಂದರೆ ಒಟ್ಟಾರೆ ಕೆಲಸ ಹೇಗಿತ್ತು ಎಂಬುದು: 1 ಫೇಲ್, 2 ಗಡಿ, 3 ಪಾಸ್, 4 ಚೆನ್ನಾಗಿದೆ, 5 ಬಹಳ ಚೆನ್ನಾಗಿದೆ. ಚೆಕ್‌ಲಿಸ್ಟ್ ಕೂಡಿ ನೋಡಿ ಇದನ್ನು ಕೊಡಬಾರದು. ಕೂಡಿದ ಮೇಲೆ ಕೊಟ್ಟರೆ ಎರಡೂ ಒಂದೇ ಆಗಿಬಿಡುತ್ತದೆ, ಅಲ್ವಾ?

ಬಿಪಿ ಅಳೆಯುವ ಸ್ಟೇಷನ್ ಇದೆ ಅಂದುಕೊಳ್ಳಿ, 20 ಅಂಕ. ಒಬ್ಬ ಹುಡುಗ ಕಫ್ ಸರಿಯಾಗಿ ಸುತ್ತಿದ. ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡೂವರೆ ಸೆಂಟಿಮೀಟರ್ ಮೇಲಿತ್ತು. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿದ. ಇಷ್ಟಕ್ಕೆಲ್ಲ ಟಿಕ್ ಬಿತ್ತು. ಆಮೇಲೆ ಗಾಳಿಯನ್ನು ಗಬಕ್ಕನೆ ಬಿಟ್ಟ. ಶಬ್ದವೇ ಕೇಳಿಸದಿದ್ದರೂ 120/80 ಎಂದು ಬರೆದ. ಪರೀಕ್ಷಕರು ಮೊದಲೇ ಅಳೆದಿದ್ದದ್ದು 146/90. ಚೆಕ್‌ಲಿಸ್ಟ್‌ನಲ್ಲಿ 10 ಸಿಕ್ಕಿತು, ಗ್ಲೋಬಲ್ 1. ಇಂಥವನ ಕೈಗೆ ರೋಗಿಯನ್ನು ಕೊಡಲಾಗದು ಎಂದು ಆ ಒಂದು ಅಂಕೆ ಹೇಳುತ್ತದೆ.

ಈಗ ಲೆಕ್ಕ. ಅಭ್ಯಾಸಕ್ಕೆ ನಾನೇ ಮಾಡಿಕೊಂಡ 9 ಜನರ ಅಂಕ ಇದು (ನಿಜವಾದ ಪರೀಕ್ಷೆಗೆ ಇದಕ್ಕಿಂತ ತುಂಬಾ ಜಾಸ್ತಿ ಜನ ಬೇಕು):

ಗ್ಲೋಬಲ್ 1: 10
ಗ್ಲೋಬಲ್ 2: 8, 10
ಗ್ಲೋಬಲ್ 3: 14, 15, 15
ಗ್ಲೋಬಲ್ 4: 17, 17
ಗ್ಲೋಬಲ್ 5: 20

ಹಳೆಯ ದಾರಿ, ಬಾರ್ಡರ್‌ಲೈನ್ ಗ್ರೂಪ್: ಗ್ಲೋಬಲ್ 2 ಸಿಕ್ಕವರ ಸರಾಸರಿಯೇ ಪಾಸ್ ಮಾರ್ಕ್. ಇಲ್ಲಿ 9. ಆದರೆ ಇಬ್ಬರೇ ಇದ್ದಾರೆ. ಅವರಲ್ಲಿ ಒಬ್ಬರಿಗೆ ಅವತ್ತು ಕೈ ನಡುಗಿದ್ದರೂ ಇಡೀ ಬ್ಯಾಚಿನ ಪಾಸ್ ಮಾರ್ಕ್ ಕೆಳಗಿಳಿಯುತ್ತದೆ.

ಇನ್ನೊಂದು ದಾರಿ ಬಾರ್ಡರ್‌ಲೈನ್ ರಿಗ್ರೆಷನ್. ಇದು ಎಲ್ಲ 9 ಜನರನ್ನೂ ಬಳಸಿ, ಗ್ರಾಫಿನಲ್ಲಿ ಅವರ ಅಂಕಗಳ ನಡುವೆ ಹಾದುಹೋಗುವ ಒಂದು ನೇರ ಗೆರೆ ಹುಡುಕುತ್ತದೆ. ಅಡ್ಡ ಗೆರೆಯಲ್ಲಿ ಗ್ಲೋಬಲ್, ನಿಂತ ಗೆರೆಯಲ್ಲಿ ಚೆಕ್‌ಲಿಸ್ಟ್. (ನಾನು ತಿರುಗುಮುರುಗು ಹಾಕಿ ಒಂದು ಸಂಜೆ ಕಳೆದೆ. ನಮಗೆ ಬೇಕಾದದ್ದು ಅಂಕ, ಹಾಗಾಗಿ ಅದು ನಿಂತ ಗೆರೆಯಲ್ಲೇ ಇರಲಿ.)

ಗ್ಲೋಬಲ್ ಸರಾಸರಿ 3, ಅಂಕದ ಸರಾಸರಿ 14. ಪ್ರತಿಯೊಬ್ಬರೂ ಎರಡೂ ಸರಾಸರಿಗಳಿಂದ ಎಷ್ಟು ದೂರವಿದ್ದಾರೋ ಆ ಎರಡನ್ನು ಗುಣಿಸಿ, ಎಲ್ಲವನ್ನೂ ಕೂಡಿ: 36. ಗ್ಲೋಬಲ್ ದೂರಗಳ ವರ್ಗಗಳನ್ನು ಕೂಡಿ: 12. 36 ಭಾಗಿಸು 12, ಅಂದರೆ 3. ಗ್ಲೋಬಲ್ ಒಂದು ಏರಿದರೆ ಅಂಕ 3 ಏರುತ್ತದೆ. ಅಂಕದ ಸರಾಸರಿ 14ರಿಂದ 3 × 3 (ಈ ಏರಿಕೆ × ಗ್ಲೋಬಲ್ ಸರಾಸರಿ) ಕಳೆದರೆ 5. ಅಲ್ಲಿಗೆ ಗೆರೆ ಸಿಕ್ಕಿತು:

ಅಂಕ = 5 + 3 × ಗ್ಲೋಬಲ್

ಗ್ಲೋಬಲ್ ಜಾಗದಲ್ಲಿ 2 ಹಾಕಿ. 11 ಬಂತು. ಇದೇ ಪಾಸ್ ಮಾರ್ಕ್.

50% ಇಟ್ಟಿದ್ದರೆ 10 ಸಾಕಿತ್ತು, 120/80 ಬರೆದ ಹುಡುಗ ಪಾಸಾಗುತ್ತಿದ್ದ. ಗ್ರೂಪ್ ದಾರಿಯಲ್ಲೂ ಪಾಸೇ. ಇದನ್ನು ನೋಡಿದ ಮೇಲೆ ನನಗೆ ರಿಗ್ರೆಷನ್ ಮೇಲೆ ಪ್ರೀತಿಯೇ ಹುಟ್ಟಿತು.

ಉಳಿದದ್ದು ಚುಟುಕಾಗಿ. ಪ್ರತಿ ಸ್ಟೇಷನ್ನಿಗೂ ಬೇರೆ ಗೆರೆ, ಬೇರೆ ಪಾಸ್ ಮಾರ್ಕ್. ಇಡೀ ಪರೀಕ್ಷೆಗೆ ಎಲ್ಲವನ್ನೂ ಕೂಡುತ್ತಾರೆ. ಪರೀಕ್ಷಕರು ಎಲ್ಲರಿಗೂ ಕಣ್ಣು ಮುಚ್ಚಿ 3 ಕೊಟ್ಟರೆ ಗೆರೆಯೇ ಬರುವುದಿಲ್ಲ, ಮೇಲಿನ 12 ಆಗ ಸೊನ್ನೆ. ಅದಕ್ಕೇ ಪರೀಕ್ಷೆಗೆ ಮೊದಲು ಪರೀಕ್ಷಕರು ಒಟ್ಟಿಗೆ ಕೂತು, ಈ ಸ್ಟೇಷನ್ನಿನಲ್ಲಿ 2 ಅಂದರೆ ಎಂಥವರು ಎಂದು ಮಾತಾಡಿಕೊಳ್ಳಬೇಕು.