ಬೂದಿಯಾಗುವ ಮುನ್ನ ಆರಿಸಿದ ಉಮಿ

ಒಂದು ಟನ್ ಭತ್ತ ಮನೆಗೆ ಬಂದರೆ, ಹೆಚ್ಚುಕಡಿಮೆ ಅಷ್ಟೇ ತೂಕದ ಹುಲ್ಲು ಗದ್ದೆಯಲ್ಲಿರುತ್ತದೆ. ಅದು ಬಣವೆಯಾಗಿ, ದನಗಳಿಗೆ ಮೇವಾಗಿ, ಕೊನೆಗೆ ಕೊಟ್ಟಿಗೆ ಗೊಬ್ಬರವಾಗಿ ಅದೇ ಗದ್ದೆಗೆ ಮರಳುತ್ತಿದ್ದ ಕಾಲವಿತ್ತು. ಈಗ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕೊಯ್ಲು ಯಂತ್ರ ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಮುಂದಿನ ಬೆಳೆಗೆ ನೆಲ ಹಸನಾಗಬೇಕೆಂಬ ಅವಸರದಲ್ಲಿ ಅನೇಕರು ಅದಕ್ಕೆ ಬೆಂಕಿ ಇಡುತ್ತಾರೆ. ಭತ್ತದ ಪೈರು ಹೀರಿಕೊಂಡ ಪೊಟ್ಯಾಷ್‌ನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಇರುವುದು ಕಾಳಿನಲ್ಲಲ್ಲ, ಈ ಹುಲ್ಲಿನಲ್ಲಿ. ಸುಟ್ಟಾಗ ಹುಲ್ಲಿನ ಸಾರಜನಕವಂತೂ ಬಹುಪಾಲು ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಅದನ್ನು ತುಂಬಲು ಮತ್ತೆ ಯೂರಿಯಾ ಚೀಲ ತರಬೇಕು.

ಹುಲ್ಲನ್ನು ಉತ್ತು ಮಣ್ಣಿಗೆ ಸೇರಿಸುವುದು ಒಳ್ಳೆಯದೇ. ಆದರೆ ನಾಟಿಯ ಹಿಂದಿನ ದಿನ ಕೆಸರಿಗೆ ತುಳಿದರೆ ಎಡವಟ್ಟಾಗುತ್ತದೆ. ಒಣಹುಲ್ಲಿನಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎತ್ತಿಕೊಳ್ಳುವುದರಿಂದ ಎಳೆಯ ಸಸಿ ಹಳದಿಯಾಗಿ ನಿಂತುಬಿಡುತ್ತದೆ. ನಿಂತ ನೀರಿನಡಿ ಗಾಳಿಯಾಡದೆ ಕೊಳೆಯುವ ಹುಲ್ಲು ಮೀಥೇನನ್ನೂ ಉಗುಳುತ್ತದೆ. ಎರಡು ಮೂರು ವಾರ ಮೊದಲೇ, ನೀರು ನಿಲ್ಲಿಸದೆ, ಬರಿಯ ಹದದಲ್ಲಿ ಉತ್ತು ಬಿಟ್ಟರೆ ಈ ಎರಡೂ ತೊಂದರೆ ತಗ್ಗುತ್ತವೆ.

ಉಮಿಯ ವಿಷಯ ಬೇರೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲಿರುವ ಅದು ಬೇಗ ಕೊಳೆಯುವುದೂ ಇಲ್ಲ, ಮೇವಿಗೂ ಆಗುವುದಿಲ್ಲ. ಜಪಾನಿನ ರೈತರು ಇದನ್ನು ಇದ್ದಿಲು ಮಾಡಿ ‘ಕುಂತಾನ್’ ಎಂಬ ಹೆಸರಿನಿಂದ ಭತ್ತದ ಸಸಿ ಬೆಳೆಸಲು ಬಳಸುತ್ತ ಬಂದಿದ್ದಾರೆ. ಸುತ್ತ ತೂತು ಕೊರೆದ ತಗಡಿನ ಡಬ್ಬಿಗೆ ಕೊಳವೆ ಜೋಡಿಸಿ, ಒಳಗೆ ಬೆಂಕಿ ಮಾಡಿ, ಹೊರಗೆ ಉಮಿಯನ್ನು ಗುಡ್ಡೆ ಹಾಕುತ್ತಾರೆ. ಜ್ವಾಲೆ ಕಾಣುವುದಿಲ್ಲ; ಕಪ್ಪು ಒಳಗಿನಿಂದ ನಿಧಾನವಾಗಿ ಹೊರಗೆ ಹಬ್ಬುತ್ತದೆ, ಹೊರಮೈಯ ಹೊಂಬಣ್ಣದಲ್ಲಿ ಮೊದಲು ಒಂದೆರಡು ಕಲೆ, ಆಮೇಲೆ ಇಡೀ ರಾಶಿ. ಸಲಿಕೆಯಿಂದ ಮೇಲೆ ಕೆಳಗೆ ಮಾಡುತ್ತ ಕಾಯಬೇಕು. ಎಲ್ಲವೂ ಕಪ್ಪಾಗಿ, ಇನ್ನೂ ಬಿಳಿಚಲು ಶುರುವಾಗದ ಹೊತ್ತಿಗೆ ನೀರು ಸುರಿದು ಪೂರ್ತಿ ಆರಿಸಬೇಕು. ತಡವಾದರೆ ಕೈಗೆ ಸಿಗುವುದು ಬೂದಿ. ಈ ವಿದ್ಯೆಯ ಜೀವವೆಲ್ಲ ಇರುವುದು ಈ ನಿಗಾದಲ್ಲಿ.

ಹೀಗೆ ಉಳಿದ ಇಂಗಾಲ ಮಣ್ಣಿನಲ್ಲಿ ಸುಲಭವಾಗಿ ಕೊಳೆಯದೆ ಬಹುಕಾಲ ಇರುತ್ತದೆ. ಬಯೋಚಾರ್ ಎಂದು ಕರೆಯುವುದು ಇದನ್ನೇ. ಅದರ ಸಣ್ಣ ರಂಧ್ರಗಳು ನೀರನ್ನೂ ಅಮೋನಿಯಂ ರೂಪದ ಸಾರಜನಕವನ್ನೂ ಹಿಡಿದಿಡುತ್ತವೆ. ಉಮಿಯಲ್ಲಿ ಹೇರಳವಾಗಿರುವ ಸಿಲಿಕಾ ಹಿತವಾದ ಬಿಸಿಯಲ್ಲಿ ಕರಗಬಲ್ಲ ರೂಪದಲ್ಲೇ ಉಳಿಯುತ್ತದೆ. ಅದನ್ನು ಹೀರಿದ ಪೈರಿನ ಕಾಂಡ ಗಟ್ಟಿಯಾಗಿ, ಬೆಂಕಿರೋಗವನ್ನೂ ಕಾಂಡಕೊರಕವನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಇದ್ದಿಲು ಕ್ಷಾರೀಯವಾದ್ದರಿಂದ ಕರಾವಳಿ, ಮಲೆನಾಡಿನ ಹುಳಿಮಣ್ಣಿಗೆ ಚೆನ್ನಾಗಿ ಹೊಂದುತ್ತದೆ. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ಒಳಗೊಳಗೇ ಬೇಯಿಸುವ ದಕ್ಷಿಣ ಕನ್ನಡದ ಸುಡುಮಣ್ಣು ಇದರ ಹತ್ತಿರದ ನಂಟು ಎಂದೇ ನನ್ನ ಎಣಿಕೆ. ಆದರೆ ಈಗಾಗಲೇ ಚೌಳು, ಕ್ಷಾರ ಏರಿದ ಅಚ್ಚುಕಟ್ಟಿನ ಹೊಲಕ್ಕೆ ಮಣ್ಣು ಪರೀಕ್ಷೆ ಮಾಡಿಸದೆ ಇದನ್ನು ಸುರಿಯಬಾರದು.

ಎಷ್ಟು ಹಾಕಬೇಕು? ಪ್ರಯೋಗಗಳಲ್ಲಿ ಎಕರೆಗೆ ಟನ್‌ಗಟ್ಟಲೆ ಬಳಸುವುದುಂಟು. ರೈತನ ಲೆಕ್ಕ ಬೇರೆ: ಎಕರೆಗೆ 25 ಕ್ವಿಂಟಲ್ ಭತ್ತ ಬಂದರೆ ಉಮಿ 5 ಕ್ವಿಂಟಲ್, ಅದರಿಂದ ಇದ್ದಿಲು 2 ಕ್ವಿಂಟಲ್ ಮೀರದು. ಇಡೀ ಎಕರೆಗೆ ಹರಡಿದರೆ ಅದು ಎಲ್ಲಿ ಹೋಯಿತೋ ತಿಳಿಯದು. ಅದೇ ಎಕರೆಗೆ ಸಸಿ ಕೊಡುವ ಸುಮಾರು 4 ಗುಂಟೆ ಮಡಿಗೆ ಹಾಕಿದರೆ ಚದರ ಮೀಟರಿಗೆ ಅರ್ಧ ಕಿಲೋ ಬೀಳುತ್ತದೆ. ಆದ್ದರಿಂದ ಮೊದಲು ಸಸಿಮಡಿಗೇ ಹಾಕಿ ಎನ್ನುತ್ತೇನೆ. ಹೊಸ ಇದ್ದಿಲು ತಾನೇ ಸಾರಜನಕ ಹೀರಬಹುದು. ಅದನ್ನು ಕೊಟ್ಟಿಗೆ ಗೊಬ್ಬರ, ಗಂಜಲದೊಂದಿಗೆ ಕೆಲವು ವಾರ ನೆನೆಸಿಟ್ಟು ಆಮೇಲೆ ಬೆರೆಸಬೇಕು. ಇದ್ದಿಲು ಬೆರೆತ ಮಡಿಯ ಮಣ್ಣು ಸಡಿಲವಾಗಿರುವುದರಿಂದ ಸಸಿ ಕೀಳುವಾಗ ಬೇರು ಹರಿಯುವುದು ಕಡಿಮೆ. ಇದ್ದಿಲು ಮಡಿಯಲ್ಲೇ ಉಳಿಯುತ್ತದೆ, ಮರುವರ್ಷದ ಉಮಿಯ ಇದ್ದಿಲು ಅದರ ಮೇಲೆ ಬೀಳುತ್ತದೆ.