ಯಾವ ಇಸವಿ ಹಾಕುದು ಮಾಮ?

ಮಣಿಪಾಲದಲ್ಲಿ ಓದುತ್ತಿರುವ ಅಕ್ಕನ ಮಗ ಒಂದು ವೆಬ್ ಸರಣಿ ಬರೆಯುತ್ತಿದ್ದಾನೆ. ಮುಂದೆಂದೋ ಒಂದು ಕಾಲದ ಮಲ್ಪೆಯ ಕಥೆ. ಮೊದಲ ದೃಶ್ಯದಲ್ಲೇ ಸಿಕ್ಕಿಬಿದ್ದ. "ಯಾವ ಇಸವಿ ಹಾಕುದು ಮಾಮ? 2075ಆ, 3000ಆ?"

ಹಿಂದಿನವರಿಗೆ ಈ ತಲೆನೋವು ಇರಲಿಲ್ಲ. ಬೇರೆ ಥರದ ಸಮಾಜ ತೋರಿಸಬೇಕಾದರೆ ಯಾರೂ ಕಾಣದ ದ್ವೀಪಕ್ಕೆ ಹಡಗು ಕಳಿಸಿದರೆ ಸಾಕಿತ್ತು. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ 'ಯುಟೋಪಿಯಾ' ಪುಸ್ತಕದಲ್ಲಿ ಮಾಡಿದ್ದೂ ಅದನ್ನೇ. ನಕಾಶೆ ತುಂಬುತ್ತಾ ಬಂತು, ಕಾಣದ ದ್ವೀಪಗಳು ಕಡಿಮೆಯಾದವು. 1771ರಲ್ಲಿ ಫ್ರಾನ್ಸಿನ ಲೇಖಕ ಮರ್ಸಿಯೆ ಊರು ಹಾಗೇ ಇಟ್ಟು ಇಸವಿ ಬದಲಿಸಿದರು. ಅದೇ ಪ್ಯಾರಿಸ್, ಆದರೆ 2440. 1895ರಲ್ಲಿ ಎಚ್.ಜಿ. ವೆಲ್ಸ್ 'ದಿ ಟೈಮ್ ಮೆಷಿನ್' ಕಾದಂಬರಿಯಲ್ಲಿ ಒಂದೇ ನೆಗೆತಕ್ಕೆ 8,02,701ನೇ ಇಸವಿಗೆ ಹೋದರು. ಮನುಷ್ಯಜಾತಿ ಎರಡಾಗಿ ಒಡೆಯಲು ಅವರಿಗೆ ಅಷ್ಟು ಕಾಲ ಬೇಕಿತ್ತು. (ನಮ್ಮ ಸೇಂಟ್ ಮೇರೀಸ್ ದ್ವೀಪದ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಅದರ ಮುಂದೆ ಇದೂ ನಿನ್ನೆ ಮೊನ್ನೆಯೇ.)

ರಾಕೆಟ್ ಬಂದ ಮೇಲೆ ಕಥೆಗಾರರ ಅವಸರ ಜಾಸ್ತಿಯಾಯಿತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಭಾರತದ ಮೊದಲ ಉಪಗ್ರಹ ಆರ್ಯಭಟ ಮೇಲೇರಿದ್ದು 1975ರಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ 'ಸ್ಪೇಸ್: 1999' ಟಿವಿ ಸರಣಿ ಶುರುವಾಯಿತು. ಬರೀ 24 ವರ್ಷದಲ್ಲಿ ಚಂದ್ರನ ಮೇಲೆ ದೊಡ್ಡ ನೆಲೆ! 1972ರ ನಂತರ ಅಲ್ಲಿಗೆ ಯಾರೂ ಕಾಲಿಡದೆಯೇ 1999 ಬಂತು, ಹೋಯಿತು.

ಕಾದಂಬರಿ ಒಮ್ಮೆ ಅಚ್ಚಾದರೆ ಮುಗಿಯಿತು. ಸರಣಿ ಹಾಗಲ್ಲ, ವರ್ಷಗಟ್ಟಲೆ ಓಡುತ್ತದೆ, ಕ್ಯಾಲೆಂಡರ್ ಅದರ ಬೆನ್ನಿಗೇ ಬೀಳುತ್ತದೆ. 1966ರ ಅಮೆರಿಕದ ಬಾಹ್ಯಾಕಾಶ ಸರಣಿ 'ಸ್ಟಾರ್ ಟ್ರೆಕ್' ಇದಕ್ಕೊಂದು ಉಪಾಯ ಹುಡುಕಿತು: ಇಸವಿ ಹೇಳುವುದೇ ಬೇಡ, 'ಸ್ಟಾರ್‌ಡೇಟ್' ಅಂತ ಒಂದು ಸಂಖ್ಯೆ ಹೇಳಿಬಿಡುವುದು. ಕೇಳಲು ಭರ್ಜರಿ, ಯಾವ ಇಸವಿ ಅಂತ ಮಾತ್ರ ತಿಳಿಯದು. ಹಾಗಾಗಿ ಒಂದು ಕಂತಿನಲ್ಲಿ ಕಥೆ ನಮ್ಮಿಂದ ಇನ್ನೂರು ವರ್ಷ ದೂರ, ಇನ್ನೊಂದರ ಮಾತು ಹಿಡಿದು ಲೆಕ್ಕ ಹಾಕಿದರೆ ಏಳುನೂರು ದಾಟುತ್ತದೆ. 23ನೇ ಶತಮಾನ ಎಂದು ತೆರೆಯ ಮೇಲೆ ಬರೆದದ್ದು ಅದೇ ಬಳಗದ 1982ರ ಸಿನಿಮಾದಲ್ಲಿ. ಇಷ್ಟು ಹುಷಾರಾಗಿದ್ದರೂ ಒಂದು ಕಡೆ ಜಾರಿದರು. 1990ರ ದಶಕದಲ್ಲಿ ಭೂಮಿಯಲ್ಲಿ ಮಹಾಯುದ್ಧ ಆಗಿತ್ತು ಎಂದು 1967ರ ಕಂತಿನಲ್ಲಿ ಹೇಳಿಬಿಟ್ಟರು. ಆ ದಶಕ ಹಾಗೇ ಕಳೆಯಿತು. ಕಾಲಯಾತ್ರಿಕರ ಕೈವಾಡದಿಂದ ಆ ಯುದ್ಧ ಮುಂದಕ್ಕೆ ಹೋಯಿತು ಎಂದು 2023ರಲ್ಲಿ ಅದೇ ಬಳಗದ ಹೊಸ ಸರಣಿ ತೇಪೆ ಹಾಕಬೇಕಾಯಿತು!

ಅದಕ್ಕೇ ಅಳಿಯನಿಗೆ ಹೇಳಿದೆ: 2075 ಬೇಡ, ಆಗ ನಿನಗೇ ಎಪ್ಪತ್ತು, ಲೆಕ್ಕ ಕೇಳುವವರು ಎದುರಿಗೇ ಇರುತ್ತಾರೆ. 3000ವೂ ಬೇಡ, ಅಷ್ಟು ದೂರ ಹೋದರೆ ಬೋಟೂ ಇರಲಿಕ್ಕಿಲ್ಲ, ತುಳುವೂ ಇರಲಿಕ್ಕಿಲ್ಲ, ಮತ್ತೆ ಮಲ್ಪೆ ಅಂತ ಯಾಕೆ ಹೇಳುವುದು? ಇನ್ನೂರು ವರ್ಷ ಸಾಕು. ಸಮುದ್ರ ಇನ್ನಷ್ಟು ಒಳಗೆ ಬಂದಿರಲಿ, ಜನರ ಜಗಳ ಮಾತ್ರ ನಮ್ಮದೇ ಇರಲಿ.

ಮೊನ್ನೆ ತಿದ್ದಿ ಕಳಿಸಿದ. ಮೊದಲ ಸಾಲು: "ಆಟಿ ಅಮಾವಾಸ್ಯೆ, ಬೆಳಗ್ಗೆ ಐದು ಗಂಟೆ. ದಕ್ಕೆಯಲ್ಲಿ ಬೋಟುಗಳೆಲ್ಲ ಕಟ್ಟಿವೆ." ಇಸವಿಯೇ ಇಲ್ಲ.