ಲಿನಕ್ಸ್ ಕರ್ನಲ್ ಖಾಲಿ ಪುಟಗಳ ಲೆಕ್ಕ ಇಡುವ ಬಗೆ

ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳ) ಯಂತ್ರಗಳಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಭೌತಿಕ ಮೆಮೊರಿಯನ್ನು 4096 ಬೈಟ್‌ಗಳ ಪುಟಗಳಾಗಿ ವಿಂಗಡಿಸಿ ನೋಡುತ್ತದೆ. 16 ಜಿಬಿ ಮೆಮೊರಿಯಲ್ಲಿ ಸುಮಾರು 42 ಲಕ್ಷ ಪುಟಗಳಿರುತ್ತವೆ. ಯಾವ ಪುಟ ಖಾಲಿಯಿದೆ ಎಂದಷ್ಟೇ ತಿಳಿಯಬೇಕಿದ್ದರೆ ಪುಟಕ್ಕೊಂದು ಬಿಟ್‌ನಂತೆ 512 ಕೆಬಿಯ ಬಿಟ್‌ಮ್ಯಾಪ್ ಸಾಕಾಗುತ್ತಿತ್ತು. ಆದರೆ ಕೆಲವು ಡ್ರೈವರ್‌ಗಳಿಗೂ ಕರ್ನಲ್‌ನದೇ ಕೆಲವು ಭಾಗಗಳಿಗೂ ಒಂದಕ್ಕೊಂದು ತಾಗಿಕೊಂಡಿರುವ ಪುಟಗಳೇ ಬೇಕಾಗುತ್ತವೆ, ಮತ್ತು ಅಂಥ ಸಾಲನ್ನು ಪ್ರತಿ ಸಲವೂ ಬಿಟ್‌ಮ್ಯಾಪ್‌ನಲ್ಲಿ ತಡಕುವುದು ದುಬಾರಿಯ ಕೆಲಸ. ಮುಂದೆ ಹೇಳುವ ಏರ್ಪಾಡೆಲ್ಲ ಹುಟ್ಟಿರುವುದು ಬಹುಮಟ್ಟಿಗೆ ಈ ಒಂದು ಬೇಡಿಕೆಯಿಂದ.

ಪ್ರತಿ ಪುಟಕ್ಕೂ ಕರ್ನಲ್ ‘ಸ್ಟ್ರಕ್ಟ್ ಪೇಜ್’ ಎಂಬ ಪುಟ್ಟ ದಾಖಲೆಯನ್ನು ಇಟ್ಟಿರುತ್ತದೆ. 64 ಬಿಟ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 64 ಬೈಟ್, ಅಂದರೆ 16 ಜಿಬಿಗೆ 256 ಎಂಬಿ. ಲೆಕ್ಕಪುಸ್ತಕಕ್ಕೇ ಇಷ್ಟು ಜಾಗ ಹೋಗುವುದು ಸಣ್ಣ ಮಾತಲ್ಲ.

ಖಾಲಿ ಪುಟಗಳನ್ನು ನೋಡಿಕೊಳ್ಳುವುದು ಬಡಿ ಅಲೋಕೇಟರ್, ಅಂದರೆ ಪುಟಗಳನ್ನು ಜೋಡಿಗಳ ಲೆಕ್ಕದಲ್ಲಿ ಹಂಚುವ ಭಾಗ. ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ವಿಧಾನವೇ ಇದರ ಮೂಲ. ಖಾಲಿ ಬ್ಲಾಕ್‌ಗಳು 1, 2, 4, 8 ಪುಟಗಳು ಹೀಗೆ ಎರಡರ ಘಾತಗಳ ಗಾತ್ರದಲ್ಲಿರುತ್ತವೆ. ಈ ಘಾತಸೂಚಿಯನ್ನೇ ಆರ್ಡರ್ ಎನ್ನುತ್ತಾರೆ; 8 ಪುಟಗಳ ಬ್ಲಾಕ್‌ನ ಆರ್ಡರ್ 3. ಸಾಮಾನ್ಯ ಸಂರಚನೆಯಲ್ಲಿ ಆರ್ಡರ್ 0ರಿಂದ 10ರವರೆಗೆ, ಪ್ರತಿ ಮೆಮೊರಿ ವಲಯಕ್ಕೂ (ಕರ್ನಲ್ ಮೆಮೊರಿಯನ್ನು ವಿಂಗಡಿಸಿಕೊಂಡಿರುವ ದೊಡ್ಡ ಭಾಗಕ್ಕೂ) ಬೇರೆ ಬೇರೆ ಪಟ್ಟಿಗಳಿರುತ್ತವೆ.

8ನೇ ಪುಟದಿಂದ 15ರವರೆಗಿನ ಆರ್ಡರ್ 3ರ ಬ್ಲಾಕ್ ಒಂದೇ ಖಾಲಿಯಿದ್ದು, ಯಾರೋ ಒಂದು ಪುಟ ಕೇಳಿದರು ಎಂದಿಟ್ಟುಕೊಳ್ಳೋಣ. ಅಲೋಕೇಟರ್ ಬ್ಲಾಕನ್ನು ಅರ್ಧ ಮಾಡಿ 12–15ನ್ನು ಆರ್ಡರ್ 2ರ ಪಟ್ಟಿಗೆ ಸೇರಿಸುತ್ತದೆ, ಉಳಿದದ್ದನ್ನು ಮತ್ತೆ ಅರ್ಧ ಮಾಡಿ 10–11ನ್ನು ಆರ್ಡರ್ 1ಕ್ಕೆ, ಬಳಿಕ 9ನ್ನು ಆರ್ಡರ್ 0ಗೆ ಹಾಕಿ, 8ನ್ನು ಕೇಳಿದವರಿಗೆ ಕೊಡುತ್ತದೆ. ಪುಟ ಮರಳಿದಾಗ ಅದರ ಜೋಡಿಯನ್ನು, ಅಂದರೆ ಒಡೆದಾಗ ಬೇರ್ಪಟ್ಟ ಇನ್ನೊಂದು ಅರ್ಧವನ್ನು, ಹುಡುಕಲು ಯಾವ ಪಟ್ಟಿಯನ್ನೂ ಜಾಲಾಡಬೇಕಿಲ್ಲ: ಬ್ಲಾಕ್‌ನ ಮೊದಲ ಪುಟದ ಸಂಖ್ಯೆಯಲ್ಲಿ ಆರ್ಡರ್ ಸೂಚಿಸುವ ಸ್ಥಾನದ ಬಿಟ್ ಒಂದನ್ನು ತಿರುಗಿಸಿದರೆ ಜೋಡಿಯ ಸಂಖ್ಯೆ ಸಿಗುತ್ತದೆ. 8ಕ್ಕೆ 9, 8–9ಕ್ಕೆ 10–11, 8–11ಕ್ಕೆ 12–15. ಜೋಡಿ ಖಾಲಿಯಿದೆಯೇ, ಅದರ ಆರ್ಡರ್ ಕೂಡ ಅಷ್ಟೇ ಇದೆಯೇ ಎಂಬೆರಡನ್ನೂ ಸ್ಟ್ರಕ್ಟ್ ಪೇಜ್‌ನಲ್ಲಿ ನೋಡಿ, ಹೌದಾದರೆ ಕೂಡಿಸಿಕೊಳ್ಳುತ್ತ ಮೇಲೇರುವುದಷ್ಟೇ ಉಳಿದ ಕೆಲಸ.

ಇಲ್ಲಿ ಸುಲಭವಾಗಿ ತಪ್ಪಿಹೋಗುವ ಸಂಗತಿಯೊಂದಿದೆ. 9 ಮತ್ತು 10 ಅಕ್ಕಪಕ್ಕದ ಪುಟಗಳಾದರೂ ಜೋಡಿಯಲ್ಲ. 8 ಮತ್ತು 11 ಬಳಕೆಯಲ್ಲಿರುವಾಗ ಇವೆರಡೂ ಖಾಲಿಯಿದ್ದರೂ ಎರಡು ಪುಟಗಳ ಬ್ಲಾಕ್ ಆಗಲಾರವು. ಜೋಡಿಯನ್ನು ಒಂದೇ ಲೆಕ್ಕದಲ್ಲಿ ಕಂಡುಕೊಳ್ಳುವ ಸೌಕರ್ಯಕ್ಕೆ ತೆರುವ ಬೆಲೆ ಇದು, ಮತ್ತು ನನ್ನ ಮಟ್ಟಿಗೆ ನ್ಯಾಯವಾದ ಬೆಲೆಯೇ.

ವಲಯದ ಪಟ್ಟಿಗಳಿಗೆ ಲಾಕ್ (ಒಂದು ಸಲಕ್ಕೆ ಒಂದೇ ಸಿಪಿಯು ಮುಟ್ಟುವಂತೆ ಮಾಡುವ ಬೀಗ) ಇರುವುದರಿಂದ, ಪದೇ ಪದೇ ಕೇಳಲಾಗುವ ಒಂಟಿ ಪುಟಗಳನ್ನು ಪ್ರತಿ ಸಿಪಿಯುವಿನ ಸ್ವಂತ ಪಟ್ಟಿಯಲ್ಲೂ ಒಂದಿಷ್ಟು ಇಟ್ಟುಕೊಳ್ಳಲಾಗುತ್ತದೆ. ಹಾಗಾಗಿ ಬಿಡುಗಡೆಯಾದ ಪುಟ ಕೂಡಲೇ ಜೋಡಿಯೊಂದಿಗೆ ಸೇರುತ್ತದೆ ಎನ್ನುವಂತಿಲ್ಲ.

ಚಾಲನೆಯಲ್ಲಿರುವ ಯಂತ್ರದಲ್ಲಿ ಇದನ್ನು ನೋಡಲು ಪ್ರೋಕ್ ಡೈರೆಕ್ಟರಿಯ ಅಡಿಯಲ್ಲಿರುವ ಬಡಿಇನ್ಫೋ ಕಡತವನ್ನು (/proc/buddyinfo) ತೆರೆಯಬೇಕು. ಪ್ರತಿ ಸಾಲು ಒಂದು ವಲಯ. ಎಡದಿಂದ ಬಲಕ್ಕೆ ಆರ್ಡರ್ 0ರಿಂದ ಮೇಲಕ್ಕೆ ಖಾಲಿ ಬ್ಲಾಕ್‌ಗಳ ಎಣಿಕೆ. ಎಡಗಡೆ ದೊಡ್ಡ ಸಂಖ್ಯೆಗಳಿದ್ದು ಬಲಗಡೆ ಬರೀ ಸೊನ್ನೆಗಳಿದ್ದರೆ, ಒಟ್ಟು ಖಾಲಿ ಮೆಮೊರಿ ಸಾಕಷ್ಟಿದ್ದರೂ ದೊಡ್ಡ ಬ್ಲಾಕ್‌ನ ಕೋರಿಕೆ ಒಡನೆ ಈಡೇರದು. ಆಗ ಕರ್ನಲ್ ಬಳಕೆಯಲ್ಲಿರುವ, ಸ್ಥಳಾಂತರಿಸಬಹುದಾದ ಪುಟಗಳನ್ನು ಬೇರೆಡೆಗೆ ನಕಲಿಸಿ ಜಾಗ ಒತ್ತಟ್ಟಿಗೆ ಬರುವಂತೆ ಕಂಪ್ಯಾಕ್ಷನ್ ನಡೆಸಬೇಕಾಗುತ್ತದೆ.